ಕಿಟಕಿಗೆ ಹಿಡಿದ ಎರಡು ಹಾಳೆ

ಫೆಬ್ರವರಿ 3, ಸೋಮವಾರ, ಬೆಳಿಗ್ಗೆ 11.20

ಅಪ್‌ಡೇಟ್ ಇನ್ನೂ ಓಡುತ್ತಿದೆ. 412 ಪ್ಯಾಕೇಜು. ಐದು ವರ್ಷದಿಂದ ಈ ಲಿನಕ್ಸ್ ಮೆಷೀನನ್ನು ಮುಟ್ಟಲು ಬಿಟ್ಟಿರಲಿಲ್ಲ. ‘ನಡೀತಿರೋದನ್ನ ಕೆದಕಬೇಡಿ’ ಎಂಬುದು ಹಳೇ ಮೇಡಂ ಮಂತ್ರ. ಅವರು ನಿವೃತ್ತಿಯಾದರು. ಹೊಸ ಮೇಡಂ ಬಂದ ವಾರವೇ ಕೇಳಿ ಪರ್ಮಿಷನ್ ತೆಗೆದುಕೊಂಡೆ. ಬ್ರೈಲ್ ಪ್ರೆಸ್ಸಿನ ಕಂಪ್ಯೂಟರ್ ಅಂದರೆ ಮ್ಯೂಸಿಯಮ್ಮಿನ ಸಾಮಾನಾಗಬೇಕೆ?

ಅಚ್ಚಾದದ್ದನ್ನು ಬೆರಳಲ್ಲಿ ಓದಿ ತಪ್ಪು ಹಿಡಿಯುವ, ಕಣ್ಣು ಕಾಣದ ಪ್ರೂಫ್ ಮೇಷ್ಟ್ರು ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ಪ್ರಿಂಟರಿನ ಟಕಟಕ ಇಲ್ಲದ್ದಕ್ಕೆ ಅನುಮಾನ.

“ಏನ್ ನಡೀತಿದೆ ಗುಂಡಿಯಮ್ಮಾ?”

ಗುಂಡಿಯಮ್ಮ. ಗುಂಡಿ ಒತ್ತುವವಳು ಅಂತ. ಡಿಪ್ಲೊಮಾ ಮಾಡಿದ್ದೇನೆ, ಹನ್ನೊಂದು ವರ್ಷದ ಸರ್ವೀಸ್, ಈ ಪ್ರೆಸ್ಸಿಗೆ ಬಂದೇ ಐದು ವರ್ಷ, ಈ ಮನುಷ್ಯನಿಗೆ ನಾನು ಗುಂಡಿಯಮ್ಮ. ನಾನೂ ಏನು ಕಮ್ಮಿ ಇಲ್ಲ, ಮನಸ್ಸಿನಲ್ಲೇ ಬೆರಳಪ್ಪ ಎನ್ನುತ್ತೇನೆ.

ಮಧ್ಯಾಹ್ನ 3.00

ಎರರ್ ಬಂತು. ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಪರದೆಯಲ್ಲಿ, ಕೆಂಪು ಸಾಲು — ಲೈಬ್ರರಿ ಒಂದು ವರ್ಷನ್, ಕೋಷ್ಟಕ ಇನ್ನೊಂದು ವರ್ಷನ್, ಹೊಂದುವುದಿಲ್ಲ. ಮಾಮೂಲಿ ಬರಹವನ್ನು ಚುಕ್ಕಿಗೆ ತಿರುಗಿಸುವುದು ಆ ಲೈಬ್ರರಿ. ಯಾವ ಗುರುತಿಗೆ ಯಾವ ಚುಕ್ಕಿ ಎಂದು ಹೇಳುವ ಫೈಲೇ ಕೋಷ್ಟಕ. ನೆಟ್ಟಿನಲ್ಲಿ ಹುಡುಕಿದೆ. ಯಾರೋ ಪುಣ್ಯಾತ್ಮ ಒಂದೇ ಸಾಲಿನ ಮದ್ದು ಬರೆದಿದ್ದ — ಹೊಸ ಲೈಬ್ರರಿ ಇರುವ ದಾರಿಯನ್ನು ನನ್ನ ಸೆಟ್ಟಿಂಗಿನಲ್ಲಿ ಸೇರಿಸು ಎಂದು. ಸೇರಿಸಿದೆ. ಎರರ್ ಮಾಯ. ಇಪ್ಪತ್ತು ನಿಮಿಷದ ಕೆಲಸ. ಚಪ್ಪಾಳೆ ತಟ್ಟುವವರು ಯಾರೂ ಇಲ್ಲ, ನಾನೇ ಒಂದು ಕಾಫಿ ಕುಡಿದೆ.

ಫೆಬ್ರವರಿ 5, ಬುಧವಾರ

ಗಣಿತದ ಪ್ರಶ್ನೆಪತ್ರಿಕೆ. ವಾರ್ಷಿಕ ಪರೀಕ್ಷೆಯದು. ಮೊದಲು ಒಂದು ಪ್ರತಿ ತೆಗೆದು ಬೆರಳಪ್ಪನಿಗೆ ಕೊಟ್ಟೆ. ಓದಿ ಸಹಿ ಹಾಕಿದರು. ಆಮೇಲೆ ಐಕಾನ್ ಒತ್ತಿ ನಲವತ್ತಾರು ಪ್ರತಿಯ ಗಂಟು ಹೊಡೆಸಿದೆ. ಗಂಟಿನಿಂದ ಒಂದನ್ನು ಎಳೆದು ಅವರು ಓದಬೇಕು, ಅದು ರೂಲ್. ಎಳೆದರು. ಮೂರನೇ ಪುಟದಲ್ಲಿ ಬೆರಳು ನಿಂತಿತು.

“ಬಿಂದು ಇಲ್ಲ ಇಲ್ಲಿ. ಮೂರೂವರೆ ಮೀಟರ್ ಹಗ್ಗ ಮೂವತ್ತೈದು ಮೀಟರ್ ಆಗಿದೆ.”

ಸ್ಕ್ರೀನು ನೋಡಿದೆ. ಬಿಂದು ದಪ್ಪಗೆ ಕೂತಿದೆ. ಅದೇ ಪುಟ ಅವರೆದುರೇ ಮತ್ತೆ ತೆಗೆದುಕೊಟ್ಟೆ. ಓದಿದರು.

“ಇದರಲ್ಲಿದೆ.”

“ಹಾಗಾದ್ರೆ ಅದರಲ್ಲೂ ಇರುತ್ತೆ ಮೇಷ್ಟ್ರೇ. ಒಂದೇ ಫೈಲು, ಒಂದೇ ಮೆಷೀನು.”

“ಅದರಲ್ಲಿಲ್ಲ ಅಂದ್ನಲ್ಲಮ್ಮ. ಬೆರಳಿಗೇನು ಹಟವಾ?”

ಹಟ ಬೆರಳಿಗಲ್ಲ, ಬೆರಳಿನ ಯಜಮಾನನಿಗೆ. ಮೇಡಂ ಮುಂದೆ ಗಂಟು ಪೂರ್ತಿ ಚೂರು ಮಾಡುವ ಮೆಷೀನಿಗೆ ಹೋಯಿತು. ರದ್ದಾದ ಪ್ರಶ್ನೆಪತ್ರಿಕೆ ಅವತ್ತೇ ಚೂರಾಗಬೇಕು, ಅದೂ ರೂಲ್. ಐನೂರ ಐವತ್ತೆರಡು ದಪ್ಪ ಹಾಳೆ. ಮೇಡಂ ಮುಖ ಹುಳ್ಳಗೆ.

ಫೆಬ್ರವರಿ 6, ಗುರುವಾರ

ಮತ್ತೆ ಅದೇ. ಪ್ರೂಫು ಪಾಸ್, ಗಂಟು ಫೇಲ್. ಹಗ್ಗ ಮತ್ತೆ ಮೂವತ್ತೈದು ಮೀಟರಂತೆ. ಮಧ್ಯಾಹ್ನವೆಲ್ಲ ಕೂತು ಟೆಸ್ಟ್ ಮಾಡಿದೆ. ಟರ್ಮಿನಲ್ಲಿನಿಂದ ಒಂದೊಂದೇ ಹಾಳೆ, ಒಟ್ಟು ಹದಿನಾಲ್ಕು. ಎಲ್ಲವನ್ನೂ ಅವರೇ ಓದಿದರು. ಹದಿನಾಲ್ಕೂ ಸರಿ. ಇನ್ನೇನು ಬೇಕು?

ಮನೆಯಲ್ಲಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಪಂಪ್ ರಿಪೇರಿ ಮಾಡುವವರು, ಮೆಷೀನಿನ ಕಷ್ಟ ಅರ್ಥವಾಗುತ್ತದೆ ಅಂದುಕೊಂಡೆ. ಅರ್ಥವಾದದ್ದು ಬೇರೆ.

“ಆ ಗಂಟಿನ ಹಾಳೆ ನೀನು ಓದಿದೆಯಾ?”

“ನನಗೆಲ್ಲಿ ಬರುತ್ತೆ ಬ್ರೈಲು?”

“ಐದು ವರ್ಷದಿಂದ ಅದನ್ನೇ ಅಚ್ಚು ಹಾಕ್ತಿದೀಯ! ಓದೋಕೆ ಬಾರದ್ದನ್ನ ಅಚ್ಚು ಹಾಕೋಳು ನೀನೊಬ್ಬಳೇ ಇರಬೇಕು ಮಾರಾಯ್ತಿ.”

ನಕ್ಕರು ಬೇರೆ. ತಟ್ಟೆ ಎತ್ತಿಕೊಂಡು ಎದ್ದೆ. ಪಂಪಿನ ನೀರನ್ನೆಲ್ಲ ಇವರು ಕುಡಿದು ನೋಡುತ್ತಾರೇನು?

ಫೆಬ್ರವರಿ 10, ಸೋಮವಾರ

ಮೂರನೇ ಗಂಟು. ಮೂರನೇ ಸಲ ಚೂರು. ಬೆರಳಪ್ಪ ಹೋಗುವಾಗ ಆಯಾಗೆ ಕೇಳಿಸುವಂತೆ ಅಂದದ್ದು — “ಗುಂಡಿ ಒತ್ತೋದೇ ವಿದ್ಯೆ ಅನ್ಕೊಂಡ್ರೆ ಹೀಗೇ ಆಗೋದು.” ಮೈಯೆಲ್ಲ ಉರಿದುಹೋಯಿತು. ಬಾಗಿಲು ದಡಾರನೆ ಹಾಕಿಕೊಂಡೆ. ಕುಣಿಯಲಾರದವರು ನೆಲ ಡೊಂಕು ಎನ್ನುವುದು ಕೇಳಿದ್ದೇನೆ, ಈ ಮೇಷ್ಟ್ರು ಚೆನ್ನಾಗಿರುವ ನೆಲಕ್ಕೇ ಡೊಂಕು ಎನ್ನುತ್ತಿದ್ದಾರೆ.

ಕೂತು ಯೋಚಿಸಿದೆ. ಆ ಮನುಷ್ಯನಿಗೆ ಶುಗರ್ ಇದೆ. ಬೆಳಿಗ್ಗೆ ಮಾತ್ರೆ ನುಂಗುವುದನ್ನು ನಾನೇ ಎಷ್ಟು ಸಲ ನೋಡಿಲ್ಲ. ಶುಗರ್ ಇದ್ದವರಿಗೆ ಬೆರಳ ತುದಿ ಜೋಮು ಹಿಡಿಯುತ್ತದೆ, ಚಿಕ್ಕಪ್ಪನಿಗೆ ಹಾಗೇ ಆಗಿ ಬಿಸಿ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಮೇಡಂ ರೂಮಿಗೆ ಹೋಗಿ ಹೇಳಿಬಿಟ್ಟೆ. “ಮೇಡಂ, ಮೆಷೀನ್ ಸರಿ ಇದೆ. ಮೇಷ್ಟ್ರ ಬೆರಳು ಹೋಗಿದೆ. ಪಾಪ, ಅವರಿಗೆ ಹೇಳೋರು ಯಾರು?” ಪಾಪ ಎಂದದ್ದು ಬಾಯಿ. ಒಳಗೆ ಎಷ್ಟು ತಂಪಾಯಿತು ಎಂಬುದು ನನಗೇ ಗೊತ್ತು.

ಫೆಬ್ರವರಿ 12, ಬುಧವಾರ, ಮಧ್ಯಾಹ್ನ 1.30

ಗೆದ್ದೆ.

ಮೇಡಂ ಬೆರಳಪ್ಪನನ್ನು ಟೇಬಲ್ಲಿನ ಮುಂದೆ ಕೂರಿಸಿದರು. ನಾನು ಟರ್ಮಿನಲ್ಲಿನಿಂದ ಹತ್ತು ಹಾಳೆ ತೆಗೆದು ತಂದೆ, ಬಿಸಿಬಿಸಿ. “ತಪ್ಪೆಲ್ಲಿದೆ ತೋರಿಸಿ” ಎಂದರು ಮೇಡಂ. ಓದಿದರು. ಹತ್ತೂ ಓದಿದರು. ಮತ್ತೆ ಮೊದಲಿನಿಂದ ಓದಿದರು. ಮೂರನೇ ಸಲ ಓದುವಾಗ ತೋರುಬೆರಳನ್ನು ಹೆಬ್ಬೆರಳಿನಿಂದ ತಿಕ್ಕಿಕೊಂಡರು.

“ಸರಿ ಇದೆ” ಎಂದರು. ದನಿ ಇಷ್ಟೇ ಇಷ್ಟು.

“ಮೂರು ಸಲ ನೀವೇ ತಪ್ಪು ಅಂದ್ರಲ್ಲ ಮೇಷ್ಟ್ರೇ. ನೀವೇ ಪ್ರೂಫಿಗೆ ಸಹಿ ಹಾಕಿ, ನೀವೇ ಗಂಟು ರದ್ದು ಮಾಡಿದ್ರಿ.”

ಹಾಳೆಗಳನ್ನು ಜೋಡಿಸಿ ಮೇಡಂ ಕಡೆ ತಳ್ಳಿದರು. ಯಾವಾಗಲೂ ಬಾಯಿಗೆ ಬಾಯಿ ಕೊಡುವ ಮನುಷ್ಯ. ಪರೀಕ್ಷೆಯ ಪೇಪರನ್ನು ಬೇರೆ ಬ್ರೈಲ್ ಬಲ್ಲವರ ಕೈಗೆ ಕೊಡುವ ಹಾಗಿಲ್ಲ, ಗುಟ್ಟು. ಹಾಗಾಗಿ ಅವರ ಪರವಾಗಿ ಹೇಳಲು ಒಂದು ಬೆರಳೂ ಇರಲಿಲ್ಲ. ನಾಳೆಯಿಂದ ರಜೆ ಎಂದರು ಮೇಡಂ. ಡಾಕ್ಟರ ಸರ್ಟಿಫಿಕೇಟ್ ತರಬೇಕು. ಇಲ್ಲದಿದ್ದರೆ ಸ್ವಯಂ ನಿವೃತ್ತಿ ತೆಗೆದುಕೊಳ್ಳಬೇಕು.

ಎದ್ದು ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡರು. ಇಪ್ಪತ್ತಾರು ವರ್ಷ ಓಡಾಡಿದ ಬಾಗಿಲು. ನನಗೇನು? ಮಾಡಿದ್ದುಣ್ಣೋ ಮಹಾರಾಯ.

ಫೆಬ್ರವರಿ 13, ಗುರುವಾರ

ಕಾರಿಡಾರಿನಲ್ಲಿ ಕೋಲಿನ ಸದ್ದಿಲ್ಲ. ಎಷ್ಟು ಹಾಯಾಗಿದೆ.

ಫೆಬ್ರವರಿ 24, ಸೋಮವಾರ

ಪ್ರೂಫಿಲ್ಲದೆ ನಾಲ್ಕನೇ ಗಂಟು ಹೊಡೆದಾಯಿತು. ಮೇಡಂ ಬರೆದುಕೊಟ್ಟಿದ್ದಾರೆ — ‘ಈ ಸಲ ವಿನಾಯಿತಿ’. ಗುರುವಾರ ಪ್ಯಾಕಿಂಗ್, ಮಾರ್ಚ್ 3ಕ್ಕೆ ಶಾಲೆಗಳಿಗೆ. ಒಂದು ಹಾಳೆ ವಾಪಸ್ ಬಂದಿಲ್ಲ, ಒಂದು ತಕರಾರಿಲ್ಲ. ಓದುವವರೇ ಇಲ್ಲದಿದ್ದರೆ ತಪ್ಪೂ ಇಲ್ಲ ನೋಡಿ.

ಫೆಬ್ರವರಿ 26, ಬುಧವಾರ, ಬೆಳಿಗ್ಗೆ 11.10

ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಬರೆದುಬಿಡುತ್ತೇನೆ.

ಪಿನ್ ಹೊಡೆಯುವಾಗ ಆಯಾ ಒಂದು ಹಾಳೆ ಹರಿದಳು. ಮೂರನೇ ಪುಟ. ಒಂದೇ ಹಾಳೆ ತಾನೆ ಎಂದು ಟರ್ಮಿನಲ್ಲಿನಿಂದ ತೆಗೆದೆ. ಸೇರಿಸುವ ಮುಂಚೆ ಇದು ಅದೇ ಪುಟವೋ ಅಲ್ಲವೋ ನೋಡೋಣ ಎಂದು — ಓದಲು ಬರುವುದಿಲ್ಲವಲ್ಲ, ಆಕಾರವನ್ನಾದರೂ ಹೋಲಿಸೋಣ ಎಂದು — ಹರಿದದ್ದನ್ನೂ ಹೊಸದನ್ನೂ ಅಕ್ಕಪಕ್ಕ ಕಿಟಕಿಗೆ ಹಿಡಿದೆ. ಬೆಳಕು ಓರೆಯಾಗಿ ಬೀಳುತ್ತಿತ್ತು, ಚುಕ್ಕಿಗಳೆಲ್ಲ ಎದ್ದು ಕಂಡವು.

ಐದನೇ ಸಾಲಿನವರೆಗೆ ಒಂದೇ. ಐದನೇ ಸಾಲಿನ ನಡುವೆ ಹೊಸ ಹಾಳೆಯಲ್ಲಿ ಒಂದು ಮನೆ, ಅಂದರೆ ಆರು ಚುಕ್ಕಿ ಹಿಡಿಯುವ ಒಂದು ಗುರುತಿನ ಜಾಗ, ಜಾಸ್ತಿ. ಅಲ್ಲಿಂದ ಮುಂದೆ ಇಡೀ ಸಾಲು ಒಂದು ಮನೆ ಸರಿದಿದೆ.

ಗೋಡೆಯ ಮೇಲೆ ಬ್ರೈಲ್ ಚಾರ್ಟು ತೂಗುಹಾಕಿದ್ದಾರೆ, ನಾನು ಅದಕ್ಕೆ ಛತ್ರಿ ಸಿಕ್ಕಿಸುತ್ತಿದ್ದೆ. ಛತ್ರಿ ತೆಗೆದು ನೋಡಿದೆ. ಆ ಮನೆ ದಶಮಾಂಶದ ಬಿಂದು. ಹೊಸದರಲ್ಲಿ ಇದೆ. ಗಂಟಿನದರಲ್ಲಿ ಇಲ್ಲ.

ಹಗ್ಗ ಮೂವತ್ತೈದು ಮೀಟರ್.

ಮಧ್ಯಾಹ್ನ 2.45

ಸಿಕ್ಕಿತು. ನಾಯಿಗೂ ಬೇಡ ನನ್ನ ಬುದ್ಧಿ.

ಈ ಮೆಷೀನಿನಲ್ಲಿ ಆ ಲೈಬ್ರರಿ ಒಂದಲ್ಲ, ಎರಡಿವೆ. ಒಂದು ಅಪ್‌ಡೇಟಿನಲ್ಲಿ ಬಂದ ಹೊಸ ವರ್ಷನ್. ಇನ್ನೊಂದು ಹಿಂದಿನ ಆಪರೇಟರ್ ಯಾವ ಕಾಲದಲ್ಲೋ ಕೈಯಾರೆ ಹಾಕಿಹೋದ ಹಳೆಯದು. ಅದು ಬೇರೆ ಫೋಲ್ಡರಿನಲ್ಲಿತ್ತು, ಅಪ್‌ಡೇಟ್ ಅದನ್ನು ಮುಟ್ಟಲಿಲ್ಲ. ಮೆಷೀನು ತನ್ನಷ್ಟಕ್ಕೆ ಹುಡುಕಿದರೆ ಮೊದಲು ಸಿಗುವುದು ಹಳೆಯದು. ನಾನು ಅವತ್ತು ಸೇರಿಸಿದ ಆ ಒಂದು ಸಾಲಿನ ಮದ್ದು ಟರ್ಮಿನಲ್ಲಿಗೆ ಮಾತ್ರ. ಐಕಾನಿಗೆ ಅದು ಗೊತ್ತೇ ಇಲ್ಲ.

ಒಂದೇ ಪ್ರತಿ ಬೇಕಾದರೆ ಟರ್ಮಿನಲ್ಲಿನಿಂದ ತೆಗೆಯುತ್ತೇನೆ. ಗಂಟು ಬೇಕಾದರೆ ಐಕಾನ್ ಒತ್ತುತ್ತೇನೆ, ಪ್ರತಿಗಳ ಸಂಖ್ಯೆ ಹಾಕುವ ಜಾಗ ಅಲ್ಲಿದೆ ಎಂದು. ಐದು ವರ್ಷದ ರೂಢಿ. ಹಾಗಾಗಿ ಪ್ರೂಫು, ಟೆಸ್ಟು, ಮೇಡಂ ಮುಂದಿನ ಹತ್ತು ಹಾಳೆ — ಎಲ್ಲ ಹೊಸ ಲೈಬ್ರರಿಯವು. ನಾಲ್ಕೂ ಗಂಟು ಹಳೆಯದರವು. ಕೋಷ್ಟಕ ಹೊಸದು, ಓದುವ ಲೈಬ್ರರಿ ಹಳೆಯದು, ಎತ್ತು ಏರಿಗೆ ಕೋಣ ನೀರಿಗೆ. ಬಿಂದುವಿನ ಸಾಲು ಅರ್ಥವಾಗದೆ ಅದು ಸುಮ್ಮನೆ ಬಿಟ್ಟುಹೋಗಿದೆ. ಐಕಾನ್ ಎರರನ್ನೂ ತೋರಿಸುವುದಿಲ್ಲ.

ಅಂದರೆ ಆ ಮನುಷ್ಯ ಇದೆ ಎಂದಾಗ ಇತ್ತು. ಇಲ್ಲ ಎಂದಾಗ ಇರಲಿಲ್ಲ. ಪ್ರತಿ ಸಲವೂ.

ಫೆಬ್ರವರಿ 27, ಗುರುವಾರ

ಹಳೇ ಲೈಬ್ರರಿ ಕಿತ್ತುಹಾಕಿದೆ. ನನ್ನ ಘನಂದಾರಿ ಸಾಲನ್ನೂ ಅಳಿಸಿದೆ. ಮೆಷೀನ್ ರೀಸ್ಟಾರ್ಟ್ ಮಾಡಿ ಐಕಾನಿನಿಂದ ಒಂದು, ಟರ್ಮಿನಲ್ಲಿನಿಂದ ಒಂದು ತೆಗೆದು ಕಿಟಕಿಗೆ ಹಿಡಿದೆ. ಮನೆಗೆ ಮನೆ ಹೊಂದಿತು. ಮೇಡಂಗೆ ‘ಪ್ಯಾಕಿಂಗಿನಲ್ಲಿ ಹಾಳೆಗಳು ಮಡಿಚಿಹೋದವು’ ಎಂದು ಹೇಳಿ ಗಂಟು ಪೂರ್ತಿ ಹೊಸದಾಗಿ ಹೊಡೆದೆ. ಹಳೆಯದು ಚೂರಾಯಿತು. ಹರಿದ ಹಾಳೆಯೊಂದನ್ನು ಮಾತ್ರ ಬ್ಯಾಗಿನಲ್ಲಿ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆನೋ.

ಮಕ್ಕಳ ಪರೀಕ್ಷೆಗೆ ತೊಂದರೆ ಇಲ್ಲ. ಯಾರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಅಷ್ಟಕ್ಕೂ ಆ ಮನುಷ್ಯ ನನ್ನನ್ನು ಗುಂಡಿಯಮ್ಮ ಎನ್ನದೆ ಒಂದು ದಿನವಾದರೂ ಸರಿಯಾಗಿ ಕರೆದದ್ದುಂಟೇ?

ಮಾರ್ಚ್ 3, ಸೋಮವಾರ

ಪೇಪರು ಹೋದವು. ಊಟ ಸೇರಲಿಲ್ಲ. ಇವರು “ಏನಾಯ್ತು?” ಎಂದರು. ಏನಿಲ್ಲ ಎಂದೆ.

ಮಾರ್ಚ್ 5, ಬುಧವಾರ, ಸಂಜೆ 5.30

ಮೆಡಿಕಲ್ ಶಾಪಿನಲ್ಲಿ ಮೇಷ್ಟ್ರ ಮಗಳು ಸಿಕ್ಕಳು. ಹೊಲಿಗೆ ಕೆಲಸದವಳು, ಕತ್ತಿನಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ತಪ್ಪಿಸಿಕೊಂಡು ಹೋಗೋಣ ಅಂದರೆ ಅವಳೇ ಮಾತಾಡಿಸಿದಳು.

“ಡಾಕ್ಟ್ರು ಬೆರಳು ಚೆನ್ನಾಗಿದೆ ಅಂತ ಬರೆದುಕೊಟ್ರು ಅಕ್ಕಾ. ಅಪ್ಪ ನಂಬ್ತಿಲ್ಲ. ‘ಡಾಕ್ಟ್ರಿಗೇನು ಗೊತ್ತು, ಮೇಡಂ ಮುಂದೆ ನಾನೇ ಸೋತೆ’ ಅಂತಾರೆ. ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿನೀರಲ್ಲಿ ಬೆರಳು ಅದ್ದಿಕೊಂಡು ಕೂತಿರ್ತಾರೆ. ಪುಸ್ತಕ ಮುಟ್ತಿಲ್ಲ. ನಿವೃತ್ತಿ ಕಾಗದಕ್ಕೆ ಸಹಿ ಹಾಕಿ ಇಟ್ಟಿದಾರೆ, ಶನಿವಾರ ಕಳಿಸಬೇಕಂತೆ. ನೀವು ಜೊತೆಯಲ್ಲಿ ಕೆಲಸ ಮಾಡಿದೋರು, ಒಂದು ಮಾತು ಧೈರ್ಯ ಹೇಳ್ತೀರಾ?”

ಧೈರ್ಯ. ನಾನು!

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿಯವನು ಚಾಚಿದ ಚಿಲ್ಲರೆ ಕೂಡ ತೆಗೆದುಕೊಳ್ಳದೆ ಬಂದುಬಿಟ್ಟಿದ್ದೇನೆ.

ಮಾರ್ಚ್ 6, ಗುರುವಾರ

ರಜೆ ಹಾಕಿ ಹೋದೆ. ಒಂದು ರೂಮು, ಒಂದು ಅಡುಗೆಮನೆ. ಮೇಷ್ಟ್ರು ಕುರ್ಚಿಯಲ್ಲಿ, ಮುಂದೆ ಸ್ಟೂಲಿನ ಮೇಲೆ ಉಗುರುಬೆಚ್ಚಗಿನ ನೀರಿನ ಬೋಗುಣಿ. ಬೆರಳ ತುದಿ ನೆನೆದು ಸುಕ್ಕುಗಟ್ಟಿತ್ತು.

“ಯಾರು?”

“ನಾನು ಮೇಷ್ಟ್ರೇ.”

“ಗುಂಡಿಯಮ್ಮನವರು. ನೋಡೋಕೆ ಬಂದ್ರಾ? ನೋಡಿ, ಚೆನ್ನಾಗಿ ನೋಡಿ.”

ಕೂತುಕೊಳ್ಳಿ ಎನ್ನಲಿಲ್ಲ. ನಾನೂ ಪೀಠಿಕೆ ಹಾಕಲಿಲ್ಲ. ಆ ಹರಿದ ಹಾಳೆ ಕೈಗೆ ಕೊಟ್ಟೆ. ಬೇಡ ಎಂದರು. ಓದಿ ಎಂದೆ. ಮಗಳು ಟವೆಲ್ಲು ತಂದು ಬೆರಳು ಒರೆಸಿದಳು. ಓದತೊಡಗಿದರು, ನಿಧಾನ, ಹೆದರಿದ ಬೆರಳು. ಐದನೇ ಸಾಲಿನಲ್ಲಿ ನಿಂತಿತು.

ಸಾಲಿನ ಮೊದಲಿಗೆ ಹೋಗಿ ಮತ್ತೆ ಓದಿದರು.

“ಇಲ್ಲ” ಎಂದರು. “ಬಿಂದು ಇಲ್ಲ. ಇಲ್ಲ ತಾನೆ? ನೀವು ಹೇಳಿ.”

“ಇಲ್ಲ ಮೇಷ್ಟ್ರೇ. ಯಾವತ್ತೂ ಇರಲಿಲ್ಲ.”

ಎಲ್ಲ ಹೇಳಿದೆ. ಎರಡು ಲೈಬ್ರರಿ, ಐಕಾನು, ಟರ್ಮಿನಲ್ಲು. ಕೊನೆಗೆ ಶುಗರಿನ ಮಾತನ್ನೂ ಹೇಳಿದೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬೋಗುಣಿ ಎತ್ತಿ ನನ್ನ ಮೇಲೆ ಸುರಿಯುತ್ತಾಳೆ ಅಂದುಕೊಂಡೆ. ಸುರಿದಿದ್ದರೆ ಒಳ್ಳೆಯದಿತ್ತು.

ಮೇಷ್ಟ್ರು ಕೂಗಾಡಲಿಲ್ಲ. “ಕಣ್ಣಿಲ್ಲದೆ ಹುಟ್ಟಿದೆ, ಅದು ಯಾರ ತಪ್ಪೂ ಅಲ್ಲ. ನಾನು ನಂಬಿದ್ದು ಇದೊಂದನ್ನ. ಇದನ್ನೂ ನಂಬದ ಹಾಗೆ ಮಾಡಿದ್ರಿ ನೀವು. ಹೋಗಿ.”

“ಮೇಡಂಗೆ ಬರೆದುಕೊಡ್ತೀನಿ ಮೇಷ್ಟ್ರೇ. ನೀವು ವಾಪಸ್ ಬನ್ನಿ.”

“ನಿಮ್ಮ ಬರಹ ನನಗೆ ಓದಿ ಹೇಳೋರು ಯಾರು? ನೀವು ಬರೆಯೋದೊಂದು, ಅವರು ಓದೋದೊಂದು. ಚುಕ್ಕೀಲಿ ಬರೀರಿ. ಮೆಷೀನಲ್ಲಲ್ಲ, ಕೈಯಲ್ಲಿ. ನನ್ನ ಬೆರಳು ಓದಬೇಕು. ಆಮೇಲೆ ನೋಡೋಣ.”

ಮಗಳು ಬ್ರೈಲ್ ಸ್ಲೇಟು, ಚುಕ್ಕಿ ಕುಟ್ಟುವ ಸ್ಟೈಲಸ್ಸು ತಂದು ನನ್ನ ಕೈಗೆ ಕುಕ್ಕಿದಳು.

ಮಾರ್ಚ್ 7, ಶುಕ್ರವಾರ

ಮೇಡಂಗೆ ಪೆನ್ನಿನಲ್ಲಿ ಬರೆದುಕೊಟ್ಟೆ. ಓದಿ ಸಿಡುಕಿದರು. “ಇಷ್ಟೆಲ್ಲ ಯಾಕೆ? ತಾಂತ್ರಿಕ ದೋಷ ಅಂತ ಎರಡು ಸಾಲು ಬರೀರಿ. ಬುಧವಾರದಿಂದ ಬರೋಕೆ ಹೇಳಿ ಅವರಿಗೆ. ಬಾರದಿದ್ರೆ ನಿವೃತ್ತಿ ಕಾಗದ ತರಿಸಿಕೊಂಡು ಮುಂದಕ್ಕೆ ಕಳಿಸ್ತೀನಿ.” ಹೊಸದಾಗಿ ಬರೆಸಿಕೊಂಡು ಮೊದಲಿನದನ್ನು ತಮ್ಮ ಕೈಯಾರೆ ಚೂರು ಮಾಡುವ ಮೆಷೀನಿಗೆ ಹಾಕಿದರು.

ಚುಕ್ಕಿಯ ಕೆಲಸ ಯಾರಿಗೂ ಬೇಡ. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಕುಟ್ಟಬೇಕು, ಅದೂ ತಿರುಗುಮುರುಗು, ಹಾಳೆ ಮಗುಚಿದಾಗ ಸರಿಯಾಗಬೇಕು. ‘ಮೇಡಂ ಅವರಿಗೆ’ ಎನ್ನುವಷ್ಟರಲ್ಲಿ ಒಂದು ಗಂಟೆ. ಮೂರು ಹಾಳೆ ಹಾಳು. ಮನೆಯಲ್ಲಿ ಇವರು ಪಕ್ಕದಲ್ಲಿ ಕೂತು, ನಾನು ಆಫೀಸಿನಿಂದ ತಂದ ಚಾರ್ಟು ಹಿಡಿದುಕೊಂಡರು. ನಗಲಿಲ್ಲ ಈ ಸಲ.

ಮಾರ್ಚ್ 9, ಭಾನುವಾರ

ಮೇಡಂ ಹೇಳಿದ ಎರಡು ಸಾಲನ್ನೇ ಚುಕ್ಕಿಯಲ್ಲಿ ಕುಟ್ಟಿ ಮೇಷ್ಟ್ರಿಗೆ ಕೊಟ್ಟೆ. ಬೆರಳು ಎರಡನೇ ಸಾಲಿನಲ್ಲಿ ನಿಂತಿತು.

“ಚುಕ್ಕಿ ಎಲ್ಲ ಸರಿ ಇದೆ. ಮಾತು ಸುಳ್ಳು. ಮೆಷೀನು ತಪ್ಪು ಮಾಡ್ತು ಅಂತಿದೆ ಇಲ್ಲಿ. ನನ್ನ ಬೆರಳು ಹೋಗಿದೆ ಅಂತ ಮೇಡಂ ರೂಮಿಗೆ ಹೋಗಿ ಹೇಳಿದ್ದು ಮೆಷೀನಾ?”

ವಾಪಸ್ ಕೊಟ್ಟರು. ಎಂಥ ಜಂಬ. ಕೆಲಸ ಹೋದರೂ ಪರವಾಗಿಲ್ಲ, ಈ ಮನುಷ್ಯನನ್ನು ಜಂಬ ಬಿಡುವುದಿಲ್ಲ. ಇವತ್ತಿಗೂ ಆ ಮುಖ ಕಂಡರೆ ನನಗಾಗುವುದಿಲ್ಲ, ಬರೆದಿಡುತ್ತೇನೆ.

ಮಾರ್ಚ್ 11, ಮಂಗಳವಾರ

ಅಂಗೈಯಲ್ಲಿ ಬೊಕ್ಕೆ ಎದ್ದಿದೆ. ‘ಅಪ್‌ಡೇಟ್ ಮಾಡಿದ್ದು ನಾನು. ಅರ್ಧ ಸರಿಪಡಿಸಿ ಪೂರ್ತಿ ಸರಿಯಾಯಿತು ಎಂದುಕೊಂಡದ್ದು ನಾನು. ಮೇಷ್ಟ್ರು ಹೇಳಿದ್ದು ಮೂರು ಸಲವೂ ನಿಜ. ಅವರ ಬೆರಳು ಹೋಗಿದೆ ಎಂದು ಸುಳ್ಳು ಹೇಳಿದ್ದು ನಾನು.’ ಇಷ್ಟೇ. ಐದು ಗಂಟೆ ಹಿಡಿಯಿತು. ಒಂದೊಂದು ಸಲ ‘ನಾನು’ ಕುಟ್ಟುವಾಗಲೂ ಕೈ ಸೋಲುತ್ತಿತ್ತು. ಚಾರ್ಟಿಗೆ ಹಿಡಿದು ಎರಡು ಸಲ ನೋಡಿದೆ. ಒಂದು ಚುಕ್ಕಿ ತಪ್ಪಿಲ್ಲ.

ಇದರ ಪ್ರತಿಯನ್ನು ಪೆನ್ನಿನಲ್ಲಿ ಬರೆದು ಮೇಡಂ ಟೇಬಲ್ಲಿನ ಮೇಲೂ ಇಟ್ಟು ಬಂದಿದ್ದೇನೆ. ಮತ್ತೆ ಚೂರು ಮಾಡಿದರೆ ಮತ್ತೆ ಬರೆಯುತ್ತೇನೆ. ಬೊಕ್ಕೆ ಹೇಗೂ ಎದ್ದಾಯಿತು.

ಮಾರ್ಚ್ 12, ಬುಧವಾರ, ಬೆಳಿಗ್ಗೆ 9.05

ಮೇಷ್ಟ್ರ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಳೆ ಒಳಗೆ ಹೋಗಿದೆ. ನನ್ನನ್ನು ಒಳಗೆ ಕರೆದಿಲ್ಲ. ಬಾಗಿಲು ಅರ್ಧ ತೆರೆದಿದೆ, ಬೆರಳು ಕಾಣುತ್ತದೆ. ಬೋಗುಣಿ ಇಲ್ಲ ಇವತ್ತು. ಬೆರಳು ಬೇಗಬೇಗ ಓಡುತ್ತಿದೆ, ಮೊದಲಿನ ಹಾಗೆ. ಕೊನೆಯ ಸಾಲಿಗೆ ಬಂದು ಹಿಂದಕ್ಕೆ ಹೋಯಿತು. ಮತ್ತೆ ಓದಿತು.

ಎದ್ದರು. ಮಗಳು ಆಫೀಸಿನ ಚೀಲ ತಂದು ಹೆಗಲಿಗೆ ಹಾಕಿದಳು. ಕೋಲು ಕುಟ್ಟಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತರು. ಹಾಳೆಯನ್ನು ನನ್ನ ತಲೆಯ ಮೇಲಿಂದ ಚಾಚಿದರು.

“ದಾರಿ ಬಿಡಿ ಗುಂಡಿಯಮ್ಮಾ, ಹತ್ತಕ್ಕೆ ಸಹಿ ಹಾಕಬೇಕು. ಮತ್ತೆ ಮೂರನೇ ಸಾಲಲ್ಲಿ ಒಂದು ಚುಕ್ಕಿ ಬಿಟ್ಟಿದೀರಿ.”

ಬಿಟ್ಟಿಲ್ಲ. ಎರಡು ಸಲ ನೋಡಿದ್ದೇನೆ. ಚಾರ್ಟಿಗೆ ಹಿಡಿದು ನೋಡಿದ್ದೇನೆ. ಈ ಮನುಷ್ಯನ ಕೊಬ್ಬು ಇಳಿಯುವುದೇ ಇಲ್ಲ. ಆಗಲೇ ರಸ್ತೆಯ ತಿರುವಿನಲ್ಲಿದ್ದಾರೆ. ಹಾಳೆಯನ್ನು ಬಿಸಿಲಿಗೆ ಓರೆ ಹಿಡಿದಿದ್ದೇನೆ. ಮೂರನೇ ಸಾಲು. ನಾಲ್ಕನೇ ಮನೆ ಸರಿ. ಐದನೆಯದು ಸರಿ. ಆರನೇ ಮನೆ —